ಸಹಾಯ ಬೇಕು: ಫೋಕಸ್ ಜೋಡಣೆ ಮೊದಲೋ, ಎಕ್ಸ್‌ಪೋಶರ್ ಬೆರೆಸುವುದು ಮೊದಲೋ?

ನಮಸ್ಕಾರ. ಹಂಪಿಯ ಮಾತಂಗ ಬೆಟ್ಟದ ತುದಿಯಿಂದ ಸೂರ್ಯೋದಯದ ಚಿತ್ರ ತೆಗೆಯುತ್ತಿದ್ದೇನೆ. ಕಾಲ ಬುಡದ ಬಂಡೆಯ ಬಿರುಕಿನಿಂದ ಹಿಡಿದು ಕೆಳಗಿನ ಅಚ್ಯುತರಾಯ ದೇವಾಲಯದವರೆಗೆ ಎಲ್ಲವೂ ಸ್ಪಷ್ಟವಾಗಿರಬೇಕೆಂಬ ಆಸೆ. ಅದಕ್ಕಾಗಿ ಟ್ರೈಪಾಡ್ ಮೇಲೆ, ಎಫ್/8ರಲ್ಲಿ (ಲೆನ್ಸಿನ ಬೆಳಕಿನ ಕಿಂಡಿಯ ಅಳತೆ), ಮೂರು ದೂರಗಳಿಗೆ ಫೋಕಸ್ ಮಾಡಿ, ಪ್ರತಿಯೊಂದಕ್ಕೂ −2, 0, +2 ಎಕ್ಸ್‌ಪೋಶರ್ (ಕಡಿಮೆ, ಸಾಮಾನ್ಯ, ಹೆಚ್ಚು ಬೆಳಕು) ಕೊಡುತ್ತೇನೆ. ಒಟ್ಟು 9 ಫ್ರೇಮುಗಳು. ಬೇರೆ ಬೇರೆ ದೂರದ ಸ್ಪಷ್ಟ ಭಾಗಗಳನ್ನು ಸೇರಿಸುವುದು ಫೋಕಸ್ ಜೋಡಣೆ, ಬೇರೆ ಬೇರೆ ಬೆಳಕಿನವನ್ನು ಒಂದಾಗಿಸುವುದು ಎಕ್ಸ್‌ಪೋಶರ್ ಬೆರೆಸುವುದು. ಕಿಂಡಿ ಇನ್ನೂ ಕಿರಿದಾಗುವ ಎಫ್/22ಕ್ಕೆ ಹೋದರೆ ಬೆಳಕಿನ ವಿವರ್ತನೆಯಿಂದ (ಕಿರಿದಾದ ಕಿಂಡಿ ದಾಟುವಾಗ ಬೆಳಕು ಹರಡುವುದರಿಂದ) ಬಂಡೆಯ ಒರಟು ಮೈ ಮೆತ್ತಗಾಗುತ್ತದೆ, ಅದಕ್ಕೆ ಮನಸ್ಸು ಒಪ್ಪುವುದಿಲ್ಲ.

ಆದರೆ ಗಾಳಿಗೆ ಅಲುಗುವ ಹುಲ್ಲು ಜೋಡಣೆಯ ನಂತರ ಎರಡೆರಡಾಗಿ ಕಾಣುತ್ತದೆ. ಬೆಳಕೂ ಬೇಗ ಬದಲಾಗಿ, ಕೊನೆಯ ಫ್ರೇಮಿನ ಆಕಾಶ ಮೊದಲಿನದಕ್ಕೆ ಹೊಂದುವುದಿಲ್ಲ. ಮೊದಲು ಎಕ್ಸ್‌ಪೋಶರ್‌ಗಳನ್ನು ಬೆರೆಸಿ ಆಮೇಲೆ ಫೋಕಸ್ ಜೋಡಿಸಬೇಕೇ? ಅಥವಾ ದೂರದ ಫೋಕಸ್‌ಗೆ ಮಾತ್ರ ಬ್ರಾಕೆಟಿಂಗ್ (ಹೀಗೆ ಮೂರು ಎಕ್ಸ್‌ಪೋಶರ್ ತೆಗೆಯುವುದು) ಸಾಕೇ? ಫೋಕಸ್ ಬದಲಿಸಿದಾಗ ದೃಶ್ಯ ತುಸು ಹಿಗ್ಗಿ ಕುಗ್ಗುವುದನ್ನು ಹೇಗೆ ಸರಿಪಡಿಸುತ್ತೀರಿ? ಅನುಭವವಿರುವವರು ದಯವಿಟ್ಟು ನಿಮ್ಮ ಕ್ರಮವನ್ನು ವಿವರವಾಗಿ ತಿಳಿಸಿ.