ಸಹಾಯ ಬೇಕು: ವ್ಯಾಪಾರಿ ಖಳನಾಯಕನಲ್ಲದ ಕನ್ನಡ ಕತೆ, ಸಿನಿಮಾ ಯಾವುದಿದೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದಲ್ಲಿ ನಾವು ಕೆಲವು ಗೆಳೆಯರು ಸೇರಿ ಕಾದಂಬರಿ, ಸಿನಿಮಾಗಳ ವಿಮರ್ಶೆ ಬರೆಯುತ್ತಿದ್ದೇವೆ. ಯಾರು ಯಾರ ಮೇಲೆ ಬಲವಂತ ಮಾಡುತ್ತಾರೆ, ಯಾರಿಗೆ ತಮ್ಮಿಷ್ಟದಂತೆ ಬದುಕಲು ಬಿಡುತ್ತಾರೆ ಅನ್ನೋದೇ ನಾವು ನೋಡುವ ವಿಷಯ.

ನಮ್ಮ ಸಿನಿಮಾಗಳಲ್ಲಿ ಮಂಡಿ ಸಾಹುಕಾರ ಅಂದ್ರೆ ಕಳ್ಳ ದಾಸ್ತಾನು, ತೂಕದಲ್ಲಿ ಮೋಸ. ಕೊನೆಗೆ ಡಿಸಿನೋ ಇನ್‌ಸ್ಪೆಕ್ಟರೋ ಬಂದು ಎಲ್ಲ ಸರಿ ಮಾಡುತ್ತಾರೆ. ಊರಲ್ಲಿ ಹಾಗಿಲ್ಲ ಅಲ್ವಾ? 1966ರ ಕಬ್ಬು ನಿಯಂತ್ರಣ ಆದೇಶದ ಪ್ರಕಾರ ಒಂದು ಪ್ರದೇಶದ ಕಬ್ಬನ್ನು ಸರ್ಕಾರ ಒಂದೇ ಕಾರ್ಖಾನೆಗೆ ಮೀಸಲಿಡಬಹುದು. ಅಲ್ಲಿ ಅರೆಯುವುದು ತಡವಾದರೆ ಕಬ್ಬು ಗದ್ದೆಯಲ್ಲೇ ಒಣಗಿ ತೂಕ ಇಳಿಯುತ್ತದೆ. ಆಗ ಎಷ್ಟೋ ರೈತರ ಕೈ ಹಿಡಿಯುವವನು ಆಲೆಮನೆಯವನು. ಅವನನ್ನೇ ನಾಯಕ ಮಾಡಿದ ಕತೆ ನನ್ನ ಕಣ್ಣಿಗೆ ಬಿದ್ದಿಲ್ಲ.

1972ರ 'ಬಂಗಾರದ ಮನುಷ್ಯ'ದ ರಾಜೀವ ಬರಡು ನೆಲವನ್ನು ಹಟ ಹಿಡಿದು ಹಸನು ಮಾಡುತ್ತಾನೆ. ಅದರ ಬಗ್ಗೆ ಬರೆದಾಯ್ತು. ಅಂಗಡಿಯವರು, ಹೋಟೆಲಿನವರು, ದಲ್ಲಾಳಿಗಳನ್ನು ಮನುಷ್ಯರಂತೆ ಕಂಡ ಕೃತಿಗಳಿದ್ದರೆ ದಯವಿಟ್ಟು ಹೆಸರು ಹೇಳಿ. ವ್ಯಾಪಾರ, ಬೇಸಾಯದ ಮೇಲಿನ ಸರ್ಕಾರದ ಹಿಡಿತವನ್ನು ವಿರೋಧಿಸಿ 1959ರಲ್ಲಿ ರಾಜಾಜಿ ಕಟ್ಟಿದ ಸ್ವತಂತ್ರ ಪಕ್ಷದ ಕಾಲದ ಕನ್ನಡ ಪುಸ್ತಿಕೆಗಳು ಯಾರ ಮನೆಯಲ್ಲಾದರೂ ಇದ್ದರೆ ತಿಳಿಸಿ. ಮೈಸೂರಾದರೆ ನಾನೇ ಬಂದು ಓದಿಕೊಂಡು ಹೋಗುತ್ತೇನೆ.

ಇನ್ನೊಂದು ವಿಷಯ. ನಮ್ಮ ಕರಡು ಓದಿ ತಪ್ಪು ತೋರಿಸುವವರು ಬೇಕು. ಎಡಪಂಥದವರಾದರೆ ಇನ್ನೂ ಒಳ್ಳೆಯದು, ಸುಮ್ನೆ ತಲೆಯಾಡಿಸುವುದಿಲ್ಲ.