ಗ್ರಾಹಕರು ಕೊಡುವ ಮಸುಕು ಲೋಗೋ: ಹೊಸದಾಗಿ ಬರೆದುಕೊಟ್ಟರೆ ದುಡ್ಡು ಕೇಳಬೇಕಾ, ಬೇಡವಾ?

ಬಣ್ಣದಂಗಡಿ, ದಾವಣಗೆರೆ
ಒಂದು ಪತ್ತಿನ ಸಹಕಾರ ಸಂಘದ ಸುವರ್ಣ ಮಹೋತ್ಸವದ ಕೆಲಸ ಬಂದಿದೆ. ವೇದಿಕೆಯ ಹಿಂದೆ ಕಟ್ಟಲು 20 ಅಡಿ ಅಗಲ, 10 ಅಡಿ ಎತ್ತರದ ಫ್ಲೆಕ್ಸ್. ಜೊತೆಗೆ ಬ್ಯಾಡ್ಜ್, ಟೀ ಶರ್ಟ್, ಕಾರಿನ ಗಾಜಿಗೆ ಸ್ಟಿಕ್ಕರ್. ಲೋಗೋ ಕೇಳಿದರೆ ಲೆಟರ್‌ಹೆಡ್‌ನ ಫೋಟೋ ತೆಗೆದು ವಾಟ್ಸಾಪ್ ಮಾಡಿದರು. ಲೋಗೋ ಇರುವ ಭಾಗ ಕತ್ತರಿಸಿದರೆ 300 ಪಿಕ್ಸೆಲ್ ಅಗಲ ಸಿಗುತ್ತದೆ, ಅಷ್ಟೇ. "ಇದನ್ನೇ ದೊಡ್ಡದು ಮಾಡಿ ಹಾಕಿ" ಅನ್ನುತ್ತಾರೆ. ಹೊಸದಾಗಿ ಬರೆಯಲು ಅರ್ಧ ದಿನ ಬೇಕು. ಇದಕ್ಕೆ ಬೇರೆ ದುಡ್ಡು ಕೇಳುವುದು ಸರಿಯಾ?

ಕೋರೆಲ್ ಅಣ್ಣ
ಕೇಳಬೇಡಿ. ಸಣ್ಣ ಊರಿನಲ್ಲಿ ಬರೀ ಲೋಗೋ ಸರಿಮಾಡಲು ದುಡ್ಡು ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಒಮ್ಮೆ ಬರೆದು ಇಟ್ಟುಕೊಂಡರೆ ಮುಂದಿನ ರಸೀದಿ ಪುಸ್ತಕ, ವಾರ್ಷಿಕ ವರದಿ, ಕ್ಯಾಲೆಂಡರ್ ಎಲ್ಲವೂ ನಿಮ್ಮ ಹತ್ತಿರವೇ ಬರುತ್ತದೆ. ನಾನು ಹೀಗೇ ಗ್ರಾಹಕರನ್ನು ಉಳಿಸಿಕೊಂಡಿದ್ದೇನೆ.

ರೇಖಾಚಿತ್ರ
ಅಣ್ಣಾ, ನಿಮ್ಮ ಮಾತು ಒಪ್ಪಲು ಆಗುತ್ತಿಲ್ಲ. ದುಡ್ಡಿಲ್ಲದ ಕೆಲಸ ಅಂದರೆ ಎಲ್ಲರೂ ಅವಸರ ಮಾಡುತ್ತಾರೆ. ಚಿತ್ರವನ್ನು ತಾನಾಗಿಯೇ ಗೆರೆಯಾಗಿಸುವ ಪವರ್‌ಟ್ರೇಸ್ ಅಥವಾ ಇಮೇಜ್ ಟ್ರೇಸ್ ಒತ್ತಿ, ಬಂದಿದ್ದನ್ನು ಹಾಗೇ ಕಳಿಸುತ್ತಾರೆ. ಮಸುಕು ಚಿತ್ರವನ್ನು ಟ್ರೇಸ್ ಮಾಡಿದರೆ ಮಸುಕೇ ಗೆರೆಯಾಗಿ ಬರುತ್ತದೆ. ವೃತ್ತ ಮೊಟ್ಟೆಯ ಹಾಗೆ ಆಗುತ್ತದೆ, ನೇರ ಗೆರೆ ಅಲ್ಲಾಡುತ್ತದೆ. ಆ ತಪ್ಪು ಆಕಾರವೇ ಮುಂದೆ ಸಂಘದ ಗುರುತಾಗಿ ಉಳಿಯುತ್ತದೆ. ಕೊಟೇಶನ್‌ನಲ್ಲಿ "ಲೋಗೋ ಮರುರಚನೆ" ಅಂತ ಒಂದು ಸಾಲು ಬೇರೆಯಾಗಿಯೇ ಹಾಕಿ. ಕೆಲಸ ಶುರು ಮಾಡುವ ಮೊದಲೇ ಹಾಕಿ, ಬಿಲ್‌ನಲ್ಲಿ ಕೊನೆಗೆ ಸೇರಿಸಬೇಡಿ.

ಫ್ಲೆಕ್ಸ್ ಮನೆ, ಹುಬ್ಬಳ್ಳಿ
ದುಡ್ಡಿನ ಮಾತು ಆಮೇಲೆ. ಮೊದಲು ಲೆಕ್ಕ ನೋಡಿ. 20 ಅಡಿ ಫ್ಲೆಕ್ಸ್‌ನಲ್ಲಿ ಲೋಗೋ 3 ಅಡಿ ಅಂತ ಇಟ್ಟುಕೊಳ್ಳಿ, ಅಂದರೆ 36 ಇಂಚು. 300 ಪಿಕ್ಸೆಲ್ ಅನ್ನು ಅಷ್ಟಕ್ಕೆ ಹಿಗ್ಗಿಸಿದರೆ ಇಂಚಿಗೆ 8 ಪಿಕ್ಸೆಲ್ ಚಿಲ್ಲರೆ. ಒಂದೊಂದು ಪಿಕ್ಸೆಲ್ ಚೌಕವೂ 3 ಮಿಲಿಮೀಟರ್ ಅಗಲ. ದೂರದಿಂದ ನೋಡುವ ದೊಡ್ಡ ಫ್ಲೆಕ್ಸ್‌ಗೆ ನಾವು ಸಾಮಾನ್ಯವಾಗಿ ಇಂಚಿಗೆ 72 ಇಟ್ಟುಕೊಳ್ಳುತ್ತೇವೆ. ಆ ಲೆಕ್ಕದಲ್ಲಿ 2592 ಪಿಕ್ಸೆಲ್ ಬೇಕು. ಅದೇ ಚಿತ್ರವನ್ನು ಒಂದು ಇಂಚಿನ ಬ್ಯಾಡ್ಜ್‌ಗೆ ಹಾಕಿದರೆ ಇಂಚಿಗೆ 300 ಬಂತು! ಹಾಗಾಗಿ ಫೈಲ್ ಕೆಟ್ಟದ್ದಾ ಒಳ್ಳೆಯದಾ ಅನ್ನುವುದು ಎಷ್ಟು ದೊಡ್ಡದಾಗಿ ಹಾಕುತ್ತೀರಿ ಅನ್ನುವುದರ ಮೇಲೆ ನಿಂತಿದೆ. ಫೋಟೋಶಾಪ್‌ನಲ್ಲಿ 72 ಅಳಿಸಿ 300 ಅಂತ ಬರೆದರೆ ಹೊಸ ವಿವರ ಎಲ್ಲಿಂದಲೂ ಬರುವುದಿಲ್ಲ.

ಸ್ಟಿಕ್ಕರ್ ಮತ್ತು ಟೀ ಶರ್ಟ್ ಮಾತ್ರ ಬೇರೆ ವಿಷಯ. ಸ್ಟಿಕ್ಕರ್ ಕತ್ತರಿಸುವ ಯಂತ್ರದ (ಕಟಿಂಗ್ ಪ್ಲಾಟರ್) ಬ್ಲೇಡ್ ಗೆರೆಯ ಮೇಲೆ ಓಡುತ್ತದೆ. ಪಿಕ್ಸೆಲ್ ಎಷ್ಟೇ ಜಾಸ್ತಿ ಇದ್ದರೂ ಗೆರೆ ಇಲ್ಲದೆ ಅದು ಕತ್ತರಿಸಲ್ಲ. ಟೀ ಶರ್ಟ್‌ನ ಸ್ಕ್ರೀನ್ ಪ್ರಿಂಟಿಂಗ್‌ನಲ್ಲಿ ಒಂದು ಬಣ್ಣಕ್ಕೆ ಒಂದು ಸ್ಕ್ರೀನ್, ಅಂದರೆ ಜಾಲರಿಯ ಅಚ್ಚು. ಜೆಪೆಗ್ ಅಂಚಿನ ಮಬ್ಬು ಬಣ್ಣಗಳಿಗೆಲ್ಲ ಸ್ಕ್ರೀನ್ ಮಾಡಲು ಆಗಲ್ಲ ಅಲ್ವಾ? ಸ್ಟಿಕ್ಕರ್‌ಗೆ ವೆಕ್ಟರ್, ಅಂದರೆ ಗೆರೆಗಳಿಂದ ಬರೆದ, ಎಷ್ಟು ಹಿಗ್ಗಿಸಿದರೂ ಮಸುಕಾಗದ ಚಿತ್ರ, ಬೇಕೇ ಬೇಕು. ಟೀ ಶರ್ಟ್‌ಗೂ ಅದಿದ್ದರೆ ಒಳ್ಳೆಯದು, ಈ ಮಸುಕು ಚಿತ್ರವಂತೂ ನಡೆಯಲ್ಲ.

ಸಂಘದ ಕಡೆಯವ
ನಾನು ಡಿಸೈನರ್ ಅಲ್ಲ. ಇಂಥದ್ದೇ ಒಂದು ಸಂಸ್ಥೆಯ ಆಡಳಿತ ಮಂಡಳಿಯಲ್ಲಿದ್ದೇನೆ. ನಮ್ಮ ಕಷ್ಟವನ್ನೂ ಕೇಳಿ. ಲೋಗೋ ಮಾಡಿಸಿದಾಗ ಪೂರ್ತಿ ದುಡ್ಡು ಕೊಟ್ಟೆವು. ಮಾಡಿದವರು ಕೊಟ್ಟಿದ್ದು ಒಂದೇ ಒಂದು ಜೆಪೆಗ್. ವೆಕ್ಟರ್ ಅಂತ ಒಂದು ಇದೆ, ಅದನ್ನು ಕೇಳಿ ಪಡೆಯಬೇಕು ಅಂತ ಯಾರೂ ಹೇಳಲಿಲ್ಲ. ಈಗ ಪ್ರತಿ ಅಂಗಡಿಯಲ್ಲೂ ನಮ್ಮನ್ನೇ ಬೈಯುತ್ತಾರೆ. ಮತ್ತೆ ದುಡ್ಡು ಕೊಡಲು ನಮಗೆ ತೊಂದರೆ ಇಲ್ಲ. ಆದರೆ ಈ ಸಲವಾದರೂ ಫೈಲ್ ನಮ್ಮ ಕೈಗೆ ಸಿಗಬೇಕು.

ರೇಖಾಚಿತ್ರ
ಇವರು ಹೇಳಿದ್ದು ನೂರಕ್ಕೆ ನೂರು ಸರಿ. ಕೋರೆಲ್ ಅಣ್ಣ, ನೀವು "ಬರೆದು ಇಟ್ಟುಕೊಂಡರೆ" ಅಂದಿರಿ. ಫೈಲ್ ಅಂಗಡಿಯಲ್ಲೇ ಇದ್ದರೆ ಗ್ರಾಹಕರು ಬೇರೆ ದಾರಿಯಿಲ್ಲದೆ ನಮ್ಮ ಹತ್ತಿರ ಬರುತ್ತಾರೆ. ಅದನ್ನು ನಂಬಿಕೆ ಅನ್ನಲು ನನಗೆ ಮನಸ್ಸು ಬರಲ್ಲ. ದುಡ್ಡು ತಗೊಳ್ಳಿ, ಎಸ್‌ವಿಜಿ, ಪಿಡಿಎಫ್, ಹಿನ್ನೆಲೆ ಇಲ್ಲದ ಪಿಎನ್‌ಜಿ ಮೂರನ್ನೂ ಈಮೇಲ್ ಮಾಡಿ. ವಾಟ್ಸಾಪ್‌ನಲ್ಲೇ ಕಳಿಸುವುದಾದರೆ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಕುಗ್ಗಿಸಿಬಿಡುತ್ತದೆ.

ಕೋರೆಲ್ ಅಣ್ಣ
ಕೇಳಿದವರಿಗೆ ನಾನು ಫೈಲ್ ಕೊಟ್ಟೇ ಕೊಡುತ್ತೇನೆ, ಇಲ್ಲ ಅಂದವನಲ್ಲ. ಆದರೆ ಕೇಳದವರಿಗೂ ಕೊಡಬೇಕು ಅನ್ನುವುದು ನ್ಯಾಯದ ಮಾತು, ಒಪ್ಪಿದೆ. ದುಡ್ಡಿನ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಅದೇ.

ಅಕ್ಷರಪ್ರೀತಿ
ಬಣ್ಣದಂಗಡಿಯವರೇ, ಎಐ ಬಳಸಿ ದೊಡ್ಡದು ಮಾಡುವ ಯೋಚನೆ ಇದ್ದರೆ ದಯವಿಟ್ಟು ಬಿಡಿ. ಕನ್ನಡ ಅಕ್ಷರಗಳನ್ನು ಅವು ಹಾಳು ಮಾಡುವುದನ್ನು ನೋಡಿ ಹೊಟ್ಟೆ ಉರಿಯುತ್ತದೆ. ಅಭಿವೃದ್ಧಿ ಅನ್ನುವ ಪದದಲ್ಲಿ ಧ ಒತ್ತಿನ ಕೆಳಗಿನ ಸಣ್ಣ ಸೀಳು ಮಸುಕು ಚಿತ್ರದಲ್ಲಿ ಕಾಣುವುದೇ ಇಲ್ಲ. ಯಂತ್ರ ಅದನ್ನು ಊಹಿಸಿ ತುಂಬುತ್ತದೆ. ಕೆಲವು ಸಲ ಯಾವ ಅಕ್ಷರವೂ ಅಲ್ಲದ ಆಕಾರ ಬರುತ್ತದೆ. ಅಕ್ಷರಗಳನ್ನು ಟ್ರೇಸ್ ಮಾಡಲೇಬೇಡಿ. ಫಾಂಟ್ ಯಾವುದು ಅಂತ ಹುಡುಕಿ, ಹೊಸದಾಗಿ ಟೈಪ್ ಮಾಡಿ. ಹಳೆಯ ಸಂಘಗಳ ಲೋಗೋ ಹೆಚ್ಚಾಗಿ ನುಡಿ ಅಥವಾ ಬರಹ ಫಾಂಟ್‌ನಲ್ಲೇ ಇರುತ್ತದೆ. ಮುಗಿದ ಮೇಲೆ ಅಕ್ಷರಗಳನ್ನು ಕರ್ವ್ಸ್‌ಗೆ, ಅಂದರೆ ಬರೀ ಗೆರೆಯ ಆಕಾರಗಳಿಗೆ, ಬದಲಿಸಿ. ಇಲ್ಲದಿದ್ದರೆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಾಗ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕುಳಿತಿರುತ್ತವೆ.

ಫ್ಲೆಕ್ಸ್ ಮನೆ, ಹುಬ್ಬಳ್ಳಿ
ಬರೆಯುವ ಮೊದಲು ಹುಡುಕಿಸಿ ನೋಡಿ. ಹಳೆಯ ವಾರ್ಷಿಕ ವರದಿಯ ಪಿಡಿಎಫ್ ಕೇಳಿ. ಅದನ್ನು ತುಂಬಾ ಹಿಗ್ಗಿಸಿದರೂ ಅಂಚು ಚೂಪಾಗಿಯೇ ಇದ್ದರೆ ಒಳಗೆ ವೆಕ್ಟರ್ ಇದೆ, ಇಂಕ್‌ಸ್ಕೇಪ್‌ನಲ್ಲಿ ತೆರೆದು ತೆಗೆಯಬಹುದು. ಚೌಕ ಚೌಕ ಕಂಡರೆ ಸುಮ್ನೆ ಚಿತ್ರ. ವರ್ಡ್‌ನಲ್ಲಿ ಮಾಡಿದ ಲೆಟರ್‌ಹೆಡ್ ಇದ್ದರೆ, ಡಾಕ್ಸ್ ಫೈಲ್‌ನ ಹೆಸರಿನ ಕೊನೆಯಲ್ಲಿ ಜಿಪ್ ಅಂತ ಬದಲಿಸಿ ತೆರೆಯಿರಿ. ಮೀಡಿಯಾ ಫೋಲ್ಡರ್‌ನಲ್ಲಿ ಕೆಲವೊಮ್ಮೆ ದೊಡ್ಡ ಚಿತ್ರ ಸಿಗುತ್ತದೆ. ಹಳೆಯ ಪ್ರೆಸ್‌ನವರನ್ನೂ ಕೇಳಿಸಿ.

ಬಣ್ಣದಂಗಡಿ, ದಾವಣಗೆರೆ
ಎಲ್ಲರಿಗೂ ಧನ್ಯವಾದ. ಪಿಡಿಎಫ್ ತರಿಸಿದೆ, ಅದರಲ್ಲೂ ಚೌಕಗಳೇ. ಹಳೆಯ ಪ್ರೆಸ್ ಮುಚ್ಚಿಹೋಗಿದೆಯಂತೆ. ಮರುರಚನೆಗೆ ಬೇರೆ ಸಾಲು ಹಾಕಿ, ಎಲ್ಲ ಫೈಲ್ ಕೊಡುತ್ತೇನೆ ಅಂತ ಬರೆದು ಕೊಟೇಶನ್ ಕಳಿಸಿದ್ದೇನೆ. ಮಂಡಳಿಯಲ್ಲಿ ಕೇಳಿ ಹೇಳುತ್ತಾರಂತೆ. ಬೇಡ ಅಂದರೆ ಏನು ಮಾಡಲಿ?

ರೇಖಾಚಿತ್ರ
ಬ್ಯಾಡ್ಜ್‌ಗೆ ಇದೇ ಚಿತ್ರ ನಡೆಯುತ್ತದೆ. ಫ್ಲೆಕ್ಸ್‌ನಲ್ಲಿ ಲೋಗೋ ಬಿಟ್ಟು ಸಂಘದ ಹೆಸರನ್ನೇ ಒಳ್ಳೆಯ ಫಾಂಟ್‌ನಲ್ಲಿ ದೊಡ್ಡದಾಗಿ ಹಾಕಿ. ಸ್ಟಿಕ್ಕರ್, ಟೀ ಶರ್ಟ್‌ಗೂ ಹೆಸರು ಮಾತ್ರ. ಮುದ್ರಣದ ಮೊದಲು ಒಪ್ಪಿಗೆ ಬರಹದಲ್ಲಿ ತಗೊಳ್ಳಿ.

ಕೋರೆಲ್ ಅಣ್ಣ
ಐವತ್ತು ವರ್ಷದ ಹಬ್ಬಕ್ಕೆ ವೇದಿಕೆಯ ಮೇಲೆ ಸಂಘದ ಗುರುತೇ ಇಲ್ಲ ಅಂದರೆ ಹಳೆಯ ಸದಸ್ಯರಿಗೆ ಎಷ್ಟು ಬೇಜಾರಾಗಬೇಡ? ನಾನಾಗಿದ್ದರೆ ಬರೆದೇ ಕೊಡುತ್ತಿದ್ದೆ.