ಸಹಾಯ ಬೇಕು: ಆಟೋರಿಮೂವ್ ಪಟ್ಟಿಯಲ್ಲಿ ಬೇಕಾದ ಲೈಬ್ರರಿಗಳೂ ಬಂದಿವೆ

ಎಲ್ಲರಿಗೂ ನಮಸ್ಕಾರ. ನಾನು ನೋಡಿಕೊಳ್ಳುವ ಡೆಬಿಯನ್ (ಒಂದು ಬಗೆಯ ಲಿನಕ್ಸ್) ಸರ್ವರ್‌ನಲ್ಲಿ ಡಿಸ್ಕ್ ತುಂಬುತ್ತಾ ಬಂದಿದೆ. ಪ್ಯಾಕೇಜ್‌ಗಳನ್ನು ಹಾಕುವ, ತೆಗೆಯುವ ಟೂಲ್ ಆಪ್ಟ್. ಅದರಲ್ಲಿ ಯಾರಿಗೂ ಬೇಡವಾದ ಪ್ಯಾಕೇಜ್‌ಗಳನ್ನು ತೆಗೆಯುವ ಆಟೋರಿಮೂವ್ ಕಮಾಂಡ್ ಓಡಿಸುವ ಮೊದಲು, ನಿಜಕ್ಕೂ ಏನೂ ತೆಗೆಯದೆ ಸಿಮ್ಯುಲೇಟ್ ಮಾಡಿ ನೋಡಿದೆ. ತೆಗೆಯುವ ಪಟ್ಟಿಯಲ್ಲಿ ಹಳೇ ಕರ್ನಲ್‌ಗಳ ಜೊತೆ ವಿಡಿಯೋ, ಆಡಿಯೋ ಸಂಸ್ಕರಿಸುವ ಎಫ್‌ಎಫ್‌ಎಂಪೆಗ್ ಲೈಬ್ರರಿಗಳೂ ಇವೆ. ನಮ್ಮ ವಿಡಿಯೋ ಪ್ರೋಗ್ರಾಂ ನಡೆಯುವುದೇ ಅವುಗಳಿಂದ!

ಆ ಪ್ರೋಗ್ರಾಂ ಅನ್ನು ಸೋರ್ಸ್‌ನಿಂದ ಕಂಪೈಲ್ ಮಾಡಿ ಹಾಕಿದ್ದಾರೆ, ಹಾಗಾಗಿ ಆಪ್ಟ್‌ಗೆ ಅದರ ಸುಳಿವೇ ಇಲ್ಲ. ಲೈಬ್ರರಿ ಬೇರೆ ಯಾವುದೋ ಪ್ಯಾಕೇಜ್ ಜೊತೆ ತಾನಾಗಿ ಬಂದಿತ್ತು. ಆ ಪ್ಯಾಕೇಜ್ ಹೋಯಿತು, ಈಗ ಆಪ್ಟ್ ಲೆಕ್ಕದಲ್ಲಿ ಇದು ಯಾರಿಗೂ ಬೇಡದ್ದು. ಜಾಸ್ತಿ ಭಯ ಯಾವುದಕ್ಕೆ ಅಂದರೆ, ತೆಗೆದ ತಕ್ಷಣ ಏನೂ ಗೊತ್ತಾಗುವುದಿಲ್ಲ. ಓಡುತ್ತಿರುವ ಪ್ರಾಸೆಸ್ ಲೈಬ್ರರಿಯನ್ನು ಆಗಲೇ ಮೆಮೊರಿಗೆ ತೆಗೆದುಕೊಂಡಿರುತ್ತದೆ. ಮುಂದೆ ಯಾವತ್ತೋ ರೀಸ್ಟಾರ್ಟ್ ಮಾಡಿದಾಗ ಏಳುವುದೇ ಇಲ್ಲ. ಆಗ ಕಾರಣ ಹುಡುಕುವುದು ತುಂಬಾ ಕಷ್ಟ ಅಲ್ವಾ?

ಪ್ರೋಗ್ರಾಂಗೆ ಬೇಕಾದ ಲೈಬ್ರರಿಗಳನ್ನು ತೋರಿಸುವ ಎಲ್‌ಡಿಡಿ ಕಮಾಂಡ್‌ನಿಂದ ನೇರವಾಗಿ ಲಿಂಕ್ ಆದ ಲೈಬ್ರರಿಗಳನ್ನು ಹುಡುಕಿ, ಅವುಗಳ ಪ್ಯಾಕೇಜ್‌ಗಳನ್ನು ಆಪ್ಟ್-ಮಾರ್ಕ್ ಕಮಾಂಡ್‌ನಲ್ಲಿ ಮ್ಯಾನುಯಲ್ (ಬೇಕೆಂದೇ ಹಾಕಿದ್ದು) ಅಂತ ಗುರುತು ಮಾಡಿದ್ದೇನೆ, ಹಾಗಾಗಿ ಆಟೋರಿಮೂವ್ ಅವನ್ನು ತೆಗೆಯುವುದಿಲ್ಲ. ಆದರೆ ಪ್ರೋಗ್ರಾಂ ಓಡುವಾಗ ಮಾತ್ರ ತೆರೆದುಕೊಳ್ಳುವ ಪ್ಲಗಿನ್‌ಗಳು ಎಲ್‌ಡಿಡಿಯಲ್ಲಿ ಕಾಣುವುದಿಲ್ಲ. ಅವನ್ನು ಒಂದೂ ಬಿಡದೆ ಹಿಡಿಯುವುದು ಹೇಗೆ? ಪ್ರಾಸೆಸ್ ಮೆಮೊರಿಗೆ ತೆಗೆದುಕೊಂಡ ಫೈಲ್‌ಗಳ ಪಟ್ಟಿ ಇರುವ ಮ್ಯಾಪ್ಸ್ ಫೈಲ್ ನೋಡಿದರೆ ಆ ಹೊತ್ತಿಗೆ ತೆರೆದಿರುವುದಷ್ಟೇ ಸಿಗುತ್ತದೆ.

ಇದರ ಬದಲು ಈಕ್ವಿವ್ಸ್ ಅನ್ನೋ ಟೂಲ್‌ನಿಂದ ಒಂದು ಖಾಲಿ ಪ್ಯಾಕೇಜ್ ಮಾಡಿ, ಬೇಕಾದ ಲೈಬ್ರರಿಗಳನ್ನೆಲ್ಲ ಅದರ ಡಿಪೆಂಡೆನ್ಸಿ (ಅದಕ್ಕೆ ಬೇಕೇ ಬೇಕಾದ ಪ್ಯಾಕೇಜ್‌ಗಳು) ಅಂತ ಬರೆದರೆ ಉತ್ತಮವೇ? ಮತ್ತೆ, ತಾನಾಗಿ ಅಪ್‌ಡೇಟ್ ಹಾಕುವ ಅನ್‌ಅಟೆಂಡೆಡ್ ಅಪ್‌ಗ್ರೇಡ್ಸ್ ಕೂಡ ಓಡುತ್ತಿದೆ. ಅದು ರಾತ್ರೋರಾತ್ರಿ ಇವನ್ನು ತೆಗೆಯದಂತೆ ಯಾವ ಸೆಟ್ಟಿಂಗ್ ಬದಲಿಸಬೇಕು? ಇಂಥದ್ದನ್ನು ಸರಿಮಾಡಿ ಅನುಭವ ಇರುವವರು ದಯವಿಟ್ಟು ತಿಳಿಸಿ. ಅಲ್ಲಿಯವರೆಗೆ ಆಟೋರಿಮೂವ್ ಮುಟ್ಟುವುದಿಲ್ಲ.